ಎರಡು ಪಾಳಿ

ಹೊತ್ತು ಮುಳುಗುವ ಮುಂಚೆ ಊಟ ಮುಗಿಯುವ ಮನೆ ನಮ್ಮದು.
ಒಲೆ ಆರಿ, ಪಾತ್ರೆ ಬೋರಲು ಬಿದ್ದು,
ರಾತ್ರಿಯೆಂಬುದು ಪೂರ್ತಿ ಖಾಲಿ.
ಆ ಖಾಲಿಯಲ್ಲಿ ತಾತ
ಬೆಳಗೊಳದ ಹುಡುಗರಿಗೆ ಲೋಕದ ಪಾಠ ಹೇಳುತ್ತಿದ್ದ.

ತಾತ, ಪಾಯಣ್ಣ, ಹಿತ್ತಾಳೆ ಅಂಗಡಿಯವನು.
ಬಟ್ಟೆಯ ಮೇಲೆ ಬರೆದ ಜಂಬೂದ್ವೀಪ ಬಿಚ್ಚಿ
ತಕ್ಕಡಿಯ ಕೋಲಿನಿಂದ ತೋರಿಸುವನು:
ಅಡ್ಡಳತೆ ಲಕ್ಷ ಯೋಜನ, ನಟ್ಟನಡುವೆ ಮೇರು,
ಸುತ್ತುವ ಸೂರ್ಯರಿಬ್ಬರು, ಚಂದ್ರರಿಬ್ಬರು.
"ಇವತ್ತು ಹುಟ್ಟಿದನಲ್ಲ, ಇವನು ನಿನ್ನೆಯವನಲ್ಲ.
ನಿನ್ನೆಯವನು ಈಗ ಐರಾವತದಲ್ಲಿ ಬೆಳಗ್ತಿದ್ದಾನೆ."
ನನಗೆ ಅನುಮಾನವೇ ಇರಲಿಲ್ಲ.
ಎರಡನೆಯ ಚಂದ್ರನನ್ನು ಕಲ್ಯಾಣಿಯಲ್ಲಿ ಕಂಡಿದ್ದೆ.

ಅನಂತಮತಿ ಅತ್ತೆ ಹೈಸ್ಕೂಲಿನ ವಿಜ್ಞಾನದ ಟೀಚರು.
ಚನ್ನರಾಯಪಟ್ಟಣದ ಕನ್ನಡಕದಂಗಡಿ ಖಲಂದರ್ ಸಾಬರಿಂದ
ಒಂದು ಪವರಿನ, ಇನ್ನೂ ಕತ್ತರಿಸದ ದುಂಡು ಗಾಜು,
ಪಕ್ಕದ ವಾಚ್ ರಿಪೇರಿಯವರ ಹಳೇ ಕಣ್ಣುಗಾಜು,
ಬೋರ್‌ವೆಲ್ಲಿಗೆ ತಂದು ಮಿಕ್ಕ ಪೈಪು.
ಎಲ್ಲವನ್ನೂ ಸೈಕಲ್ ಟ್ಯೂಬಿನಲ್ಲಿ ಬಿಗಿದು
ಮಾಳಿಗೆಯ ಮೇಲೆ ಏಣಿಗೆ ಕಟ್ಟಿದಳು.
ಮಾಗಿ. ಚಿಕ್ಕಬೆಟ್ಟದ ಮಗ್ಗುಲಲ್ಲಿ ಗುರು.

"ನಾನೂರು ವರ್ಷದ ಹಿಂದೆ" ಅಂದಳು,
"ಪಡುವಾ ಅಂತ ಊರು. ಅಲ್ಲೊಬ್ಬ ಗಣಿತದ ಮೇಷ್ಟ್ರು
ಇಂಥದೇ ನಳಿಗೆಯಲ್ಲಿ ನೋಡಿದ."
"ಪಡುವ? ಪಡುವಣದ ಕಡೆಯೋ?"
"ಪಡುವಣವೇ, ಕಡಲಾಚೆ."
"ಮಿಕ್ಕವರು ಏನಂದರು?"
"ಕೆಲವರು ಕಣ್ಣಿಡೋದೇ ಇಲ್ಲ ಅಂದರು."
"ಅವರಿಗೇನಾಯ್ತು?"
"ಏನೂ ಆಗಲಿಲ್ಲಪ್ಪ. ನೋಡಿದವನನ್ನ
ಮುದಿಗಾಲದಲ್ಲಿ ಮನೆಯೊಳಗೆ ಕೂಡಿಟ್ಟರು."

ತಾತ ಪಂಚೆ ಮೇಲೆತ್ತಿ ಕಟ್ಟಿ ಏಣಿಯ ಬುಡದಲ್ಲಿ ಕೂತ.
ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟ.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ, ಅಂಗಡಿಯ ದನಿಯಲ್ಲಿ:
"ದೊಡ್ಡದು ಒಂದು. ಎಡಕ್ಕೆ ಮೂರು. ಬಲಕ್ಕೆ ಒಂದು. ಬರ್ಕೊ."
ಕೆಂಪು ರಟ್ಟಿನ ಕಡದ ಪುಸ್ತಕದಲ್ಲಿ
ಯಾರೋ ಒಯ್ದ ಕೊಳಗದ ಬಾಕಿಯ ಕೆಳಗೆ
ಬರೆದೆ.

ಮರುರಾತ್ರಿ ಎಡಕ್ಕೆ ಎರಡು, ಬಲಕ್ಕೆ ಎರಡು.
ಮೂರನೆಯದು ಮೋಡ.
ನಾಲ್ಕನೆಯದು ಮೂರೇ ಚುಕ್ಕಿ. "ಒಂದು ಬರಬೇಕು" ಅಂತ ಬರೆಸಿದ.
ಐದನೆಯ ರಾತ್ರಿ ಬಂತು, ಆಚೆ ಬದಿಯಿಂದ.
ಒಂಬತ್ತನೆಯ ರಾತ್ರಿ ಪುಸ್ತಕ ಮಡಿಸಿದ.
"ಇವು ಮೇರುವನ್ನ ಸುತ್ತುತ್ತಿಲ್ಲ."

ಅತ್ತೆ ಕಾದಳು. ನಮ್ಮಲ್ಲೊಂದು ಮಾತಿದೆ, ಸ್ಯಾತ್;
ಹೀಗೂ ಇರಬಹುದು, ಆ ಬದಿಯಿಂದ ಬೇರೆ ಇರಬಹುದು.
ತಾತ ಅದನ್ನು ಕೈಗೆತ್ತಿಕೊಳ್ಳಲಿಲ್ಲ.
"ಸ್ಯಾತ್ ಅನ್ನೋದು ಹಿತ್ತಿಲ ಬಾಗಿಲಲ್ಲ ಕಣಮ್ಮ.
ಲೆಕ್ಕ ತಪ್ಪಿದ್ರೆ ತಪ್ಪಿದೆ."

ಅವನು ಮರುಗಿದ್ದು ಎರಡನೆಯ ಸೂರ್ಯನಿಗಾಗಿ.
ಅರವತ್ತು ವರ್ಷ, ದಿನ ಬಿಟ್ಟು ದಿನ,
ಅಂಗಡಿಯ ಬಾಗಿಲು ತೆಗೆದು
ಕೈಮುಗಿದಿದ್ದನಲ್ಲ ಅವನಿಗೆ.
"ಪಾಪ, ಇರೋನು ಒಬ್ಬನೇ.
ಎರಡು ಪಾಳಿಯೂ ಅವನ ತಲೆ ಮೇಲೆ."
"ಅಪ್ಪಾ, ಅವನು ಕೂತಲ್ಲೇ ಕೂತಿದ್ದಾನೆ.
ಪಾಳಿ ಮಾಡ್ತಿರೋರು ನಾವು."

ಆಗ ದೊಡ್ಡಬೆಟ್ಟದ ಕಡೆ ತಿರುಗಿದ.
ಮೇಲೆ, ತೋಳಿಗೆ ಬಳ್ಳಿ ಹಬ್ಬಿಸಿಕೊಂಡು
ಸಾವಿರ ವರ್ಷ ಹೆಜ್ಜೆ ಕೀಳದವನು.
"ಅವನೂ?"
"ಅವನೂ. ದಿನಕ್ಕೊಂದು ಸುತ್ತು, ಬೆಟ್ಟದ ಸಮೇತ."
ತಾತ ಗಲ್ಲ ಕೆರೆದುಕೊಂಡ.
"ಕದಲದೆ ತಿರುಗೋದು..." ಅಂದ.
"ಅದು ಇನ್ನೂ ಕಷ್ಟದ ತಪಸ್ಸು."

ಪಾಠ ನಿಲ್ಲಿಸಲಿಲ್ಲ. ಬಟ್ಟೆ ಬಿಚ್ಚಿದ,
ಇಬ್ಬರು ಸೂರ್ಯರನ್ನೂ ತೋರಿಸಿದ.
"ಇದು ಹಿರೀಕರ ಲೆಕ್ಕ. ನನ್ನದು ಮಾಳಿಗೆ ಮೇಲಿದೆ.
ಒಬ್ಬೊಬ್ಬರೇ ಹತ್ತಿ. ಪೈಪು ಮುಟ್ಟಬೇಡಿ."
ಎರಡು ಮನೆಯವರು ಮಕ್ಕಳನ್ನು ಕಳಿಸೋದು ಬಿಟ್ಟರು.
ಖಲಂದರ್ ಸಾಬರು ಒಂದು ಭಾನುವಾರ ಬಸ್ಸು ಹತ್ತಿ ಬಂದು
ತಮ್ಮ ಗಾಜಿನಲ್ಲಿ ತಾವೇ ನೋಡಿ
ಚಾ ಕುಡಿಯದೆ ಹೋದರು.

ಕೆಂಪು ಪುಸ್ತಕ ಈಗ ನನ್ನ ಹತ್ತಿರ ಇದೆ.
ಚುಕ್ಕಿಗಳ ಶಾಯಿ ಕಂದಿದೆ. ಎಡ, ಬಲ ಇನ್ನೂ ತಿಳಿಯುತ್ತದೆ.
ಮೇಲಿನ ಸಾಲಿನಲ್ಲಿ
ಕೊಳಗದ ಬಾಕಿ ಹಾಗೇ ಇದೆ.